ಮಾತು ಮತ್ತು ತುತ್ತಿಗೆ ಆಸ್ಪತ್ರೆಯಲ್ಲಿ ಹೊಣೆ ಯಾರದು?

ಪಾರ್ಶ್ವವಾಯುವಿಗೆ ಒಳಗಾಗಿ ಆಸ್ಪತ್ರೆ ಸೇರಿದ ಹಿರಿಯರು ಕಣ್ಣು ಬಿಟ್ಟೊಡನೆ ಮನೆಯವರು ಮೊದಲು ಮಾಡುವ ಕೆಲಸವೆಂದರೆ ಬಾಯಿಗೆ ಒಂದು ಗುಟುಕು ನೀರು ಹಾಕುವುದು. ಅಕ್ಕರೆ ಮಾಡಿಸುವ ಕೆಲಸ ಅದು, ತಪ್ಪೆನ್ನುವಂತಿಲ್ಲ. ಆದರೆ ಆ ಗುಟುಕು ಅನ್ನನಾಳಕ್ಕೆ ಇಳಿಯಿತೇ ಅಥವಾ ಶ್ವಾಸನಾಳಕ್ಕೆ ಜಾರಿತೇ ಎಂದು ಗಮನಿಸುವ ಹೊಣೆಯನ್ನು ನಮ್ಮ ಬಹುಪಾಲು ಸರ್ಕಾರಿ ಆಸ್ಪತ್ರೆಗಳಲ್ಲಿ ಯಾರಿಗೂ ಸ್ಪಷ್ಟವಾಗಿ ವಹಿಸಿಲ್ಲ. ವೈದ್ಯರು ರಕ್ತದೊತ್ತಡ ನೋಡುತ್ತಾರೆ, ಮಿದುಳಿನ ಸ್ಕ್ಯಾನ್ ಪರಿಶೀಲಿಸುತ್ತಾರೆ. ದಾದಿಯರು ಔಷಧಿ ಕೊಡುತ್ತಾರೆ. ಫಿಸಿಯೋಥೆರಪಿಸ್ಟ್ ಇದ್ದಲ್ಲಿ ಬಂದು ಕೈಕಾಲು ಆಡಿಸುತ್ತಾರೆ. ನುಂಗುವುದು ಮತ್ತು ಮಾತನಾಡುವುದು ಮಾತ್ರ ಯಾರ ಪಟ್ಟಿಯಲ್ಲೂ ಇಲ್ಲ. ನಾಲ್ಕೈದು ದಿನಗಳ ನಂತರ ಜ್ವರ ಬಂದು, ಎದೆಯಲ್ಲಿ ಕಫ ಕಟ್ಟಿ, ಕೇಸ್‌ಶೀಟಿನಲ್ಲಿ ನ್ಯುಮೋನಿಯಾ ಎಂದು ದಾಖಲಾದಾಗ ಅದು ಮೂಲ ಕಾಯಿಲೆಯ ಸಹಜ ಮುಂದುವರಿಕೆ ಎಂದೇ ಎಲ್ಲರೂ ಭಾವಿಸುತ್ತಾರೆ.

ಸ್ಪೀಚ್ ಥೆರಪಿ ಎಂದರೆ ತೊದಲುವ ಅಥವಾ ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆ ಎಂಬುದು ವಿದ್ಯಾವಂತರಲ್ಲೂ ಬೇರೂರಿರುವ ಕಲ್ಪನೆ. ಮಾತು ತಡವಾದ ಮಗುವಿನ ನಾಲಗೆಗೆ ಬಜೆ ತೇಯ್ದು ಹಚ್ಚಿ ಸುಮ್ಮನಾಗುತ್ತಿದ್ದ ಕಾಲಕ್ಕೆ ಹೋಲಿಸಿದರೆ ಅಷ್ಟು ತಿಳಿವಳಿಕೆಯೂ ಪ್ರಗತಿಯೇ ಸರಿ. ಆದರೆ ಈ ವೃತ್ತಿಯ ಬಹು ಮುಖ್ಯವಾದ ಒಂದು ಭಾಗ ಇಂದು ವಯಸ್ಕರ ವಾರ್ಡುಗಳಿಗೆ ಸೇರಿದ್ದು. ಪಾರ್ಶ್ವವಾಯು, ರಸ್ತೆ ಅಪಘಾತದಲ್ಲಿ ತಲೆಗೆ ಬಿದ್ದ ಪೆಟ್ಟು, ಪಾರ್ಕಿನ್ಸನ್ ಕಾಯಿಲೆ, ಬಾಯಿ ಮತ್ತು ಗಂಟಲಿನ ಕ್ಯಾನ್ಸರ್, ದೀರ್ಘಕಾಲದ ವೆಂಟಿಲೇಟರ್ ವಾಸ ಇವೆಲ್ಲವೂ ಮಾತನ್ನು ಮಾತ್ರವಲ್ಲದೆ ನುಂಗುವ ಶಕ್ತಿಯನ್ನೂ ಕಸಿಯಬಲ್ಲವು.

ಮಾತಿನ ತಜ್ಞರಿಗೂ ನುಂಗುವುದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದದ್ದೇ. ತುಟಿ, ನಾಲಗೆ, ಅಂಗುಳ, ಧ್ವನಿಪೆಟ್ಟಿಗೆ ಇವು ಎರಡೂ ಕೆಲಸಗಳಿಗೆ ಒಂದೇ. ಉಸಿರಿನ ದಾರಿಯೂ ಅನ್ನದ ದಾರಿಯೂ ಗಂಟಲಲ್ಲಿ ಒಂದನ್ನೊಂದು ಅಡ್ಡಹಾಯುತ್ತವೆ. ತಿಂದದ್ದೆಲ್ಲವೂ ಶ್ವಾಸನಾಳದ ಬಾಯಿಯ ಮೇಲಿನಿಂದಲೇ ಹಾದುಹೋಗಬೇಕಾದ ಈ ವಿಚಿತ್ರವನ್ನು ಡಾರ್ವಿನ್ 1859ರ ತನ್ನ ಪ್ರಸಿದ್ಧ ಗ್ರಂಥದಲ್ಲೇ ಗುರುತಿಸಿದ್ದ. ಇಪ್ಪತ್ತೈದರಷ್ಟು ಜೋಡಿ ಸ್ನಾಯುಗಳು ಕ್ರಮ ತಪ್ಪದೆ ಕೆಲಸ ಮಾಡಿದರೆ ಮಾತ್ರ ತುತ್ತು ಗಂಟಲನ್ನು ಸುರಕ್ಷಿತವಾಗಿ ದಾಟುತ್ತದೆ. ಗಂಟಲಿನ ಹಂತಕ್ಕೆ ಹಿಡಿಯುವ ಕಾಲ ಸುಮಾರು ಒಂದು ಸೆಕೆಂಡು. ಅಮೆರಿಕದ ಜೆರಿ ಲಾಗೆಮನ್ 1983ರಲ್ಲಿ ಈ ವಿಷಯದ ಪಠ್ಯಗ್ರಂಥವನ್ನು ಪ್ರಕಟಿಸಿದ ಕಾಲದಿಂದ ನುಂಗುವಿಕೆಯ ಪರೀಕ್ಷೆ ಮತ್ತು ಚಿಕಿತ್ಸೆ ವಾಕ್ ಚಿಕಿತ್ಸಕರ ವೃತ್ತಿಯ ಭಾಗವಾಗಿ ನೆಲೆಯೂರಿತು.

ಊಟದ ನಡುವೆ ನೆತ್ತಿ ಹತ್ತಿದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆಂದು ತಲೆ ತಟ್ಟುವುದು ನಮ್ಮ ಮನೆಗಳ ರೂಢಿ. ಆಗ ಬರುವ ಕೆಮ್ಮೇ ಶ್ವಾಸಕೋಶದ ಕಾವಲುಗಾರ. ಮಿದುಳಿಗೆ ಪೆಟ್ಟಾದವರಲ್ಲಿ ಅನೇಕರಿಗೆ ಆ ಕೆಮ್ಮೇ ಬರುವುದಿಲ್ಲ. ನೀರು, ಗಂಜಿ, ತಮ್ಮದೇ ಎಂಜಲು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತಿದ್ದರೂ ನೋಡುವವರಿಗೆ ರೋಗಿ ಸಲೀಸಾಗಿ ಕುಡಿಯುತ್ತಿರುವಂತೆ ಕಾಣುತ್ತದೆ. ಲಕ್ವ ಹೊಡೆದವರನ್ನು ಆಸ್ಪತ್ರೆಗೆ ಒಯ್ಯುವ ಮೊದಲು ನಾಟಿ ಔಷಧಿಯ ಊರಿಗೆ ಕರೆದೊಯ್ದು ಬಾಯಿಗೆ ಕಷಾಯ ಹೊಯ್ಯಿಸುವ ಪರಿಪಾಠ ಇನ್ನೂ ನಿಂತಿಲ್ಲ. ಕಷಾಯದಲ್ಲಿ ಏನಿದೆ ಎಂಬ ಚರ್ಚೆ ಒತ್ತಟ್ಟಿಗಿರಲಿ, ಆ ಸ್ಥಿತಿಯಲ್ಲಿ ಬಾಯಿಗೆ ಹೊಯ್ಯುವ ಶುದ್ಧ ನೀರೂ ಅಪಾಯಕಾರಿಯೇ.

ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಮಂದಿ ಹೊಸದಾಗಿ ಪಾರ್ಶ್ವವಾಯುವಿಗೆ ತುತ್ತಾಗುತ್ತಾರೆ. ಸೂಕ್ಷ್ಮವಾಗಿ ಪರೀಕ್ಷಿಸಿದರೆ ಇಂತಹವರಲ್ಲಿ ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ನುಂಗುವ ತೊಂದರೆ ಇರುತ್ತದೆ; ಮೂರರಲ್ಲಿ ಒಬ್ಬರಿಗೆ ಭಾಷೆಯೇ ಕೈಕೊಡುತ್ತದೆ ಎಂಬುದು ವಿವಿಧ ದೇಶಗಳ ಅಧ್ಯಯನಗಳು ಸ್ಥೂಲವಾಗಿ ಒಪ್ಪಿರುವ ಅಂದಾಜು. ನುಂಗುವ ತೊಂದರೆ ಇದ್ದವರಿಗೆ ನ್ಯುಮೋನಿಯಾ ತಗಲುವ ಸಂಭವ ಇತರರಿಗಿಂತ ಮೂರು ಪಟ್ಟು ಹೆಚ್ಚೆಂದು 2005ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಲೆಕ್ಕ ಹಾಕಿತು.

ಇದನ್ನು ತಡೆಯಲು ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಜ್ವರ, ರಕ್ತದ ಸಕ್ಕರೆ ಮತ್ತು ನುಂಗುವಿಕೆ ಎಂಬ ಮೂರು ಸಂಗತಿಗಳನ್ನು ಮೊದಲ ಮೂರು ದಿನ ದಾದಿಯರೇ ನಿಯಮಬದ್ಧವಾಗಿ ನೋಡಿಕೊಳ್ಳುವಂತೆ ಮಾಡಿದ್ದಷ್ಟೇ ಅಲ್ಲಿನ ಬದಲಾವಣೆ. ಹೀಗೆ ಮಾಡಿದ ಘಟಕಗಳಲ್ಲಿ 90 ದಿನಗಳ ಬಳಿಕ ಸತ್ತವರು ಮತ್ತು ಪರಾವಲಂಬಿಗಳಾದವರು ಶೇ 42ರಷ್ಟಿದ್ದರೆ, ಮಾಡದ ಘಟಕಗಳಲ್ಲಿ ಆ ಪ್ರಮಾಣ ಶೇ 58ರಷ್ಟಿತ್ತು. ಮೂರೂ ಕ್ರಮಗಳು ಒಟ್ಟಿಗೆ ಜಾರಿಯಾದ್ದರಿಂದ ನುಂಗುವಿಕೆಯ ಪರೀಕ್ಷೆಯೊಂದಕ್ಕೇ ಇಷ್ಟು ಶ್ರೇಯ ಎಂದು ಬಿಡಿಸಿ ಹೇಳಲಾಗದು. ಆದರೂ ಇಷ್ಟು ಕಡಿಮೆ ವೆಚ್ಚದಲ್ಲಿ ಇಷ್ಟು ದೊಡ್ಡ ಅಂತರವನ್ನು ತರುವ ಕ್ರಮಗಳು ಆರೋಗ್ಯ ಕ್ಷೇತ್ರದಲ್ಲಿ ವಿರಳ.

ಈ ವಿದ್ಯೆಯಲ್ಲಿ ಕರ್ನಾಟಕ ಹಿಂದುಳಿದಿದ್ದರೆ ಮಾತು ಬೇರೆ. ದೇಶಕ್ಕೇ ವಾಕ್ ಚಿಕಿತ್ಸಕರನ್ನು ತಯಾರು ಮಾಡಿಕೊಟ್ಟ ರಾಜ್ಯ ನಮ್ಮದು. ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದ ನಡುವಿನಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ತಲೆಯೆತ್ತಿತು. 1966ರಲ್ಲಿ ಅದಕ್ಕೆ ಶಂಕುಸ್ಥಾಪನೆ ಮಾಡಿದವರು ಹಿಂದೊಮ್ಮೆ ಅದೇ ಊರಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ರಾಷ್ಟ್ರಪತಿ ರಾಧಾಕೃಷ್ಣನ್. ಮೈಸೂರು ಮತ್ತು ಧಾರವಾಡದ ಜೆಎಸ್‌ಎಸ್ ಸಂಸ್ಥೆಗಳು, ಬೆಂಗಳೂರಿನ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ, ಮಣಿಪಾಲ ಮತ್ತು ಮಂಗಳೂರಿನ ಕಾಲೇಜುಗಳು ನಂತರ ಬಂದವು. ನಾಲ್ಕು ವರ್ಷದ ಪದವಿ, ಅದರೊಳಗೇ ಒಂದು ವರ್ಷದ ಇಂಟರ್ನ್‌ಶಿಪ್, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಹೀಗೆ ವ್ಯವಸ್ಥಿತವಾಗಿ ತರಬೇತಾದವರು ಖಾಸಗಿ ಆಸ್ಪತ್ರೆಗಳಿಗೆ, ಶ್ರವಣ ಸಾಧನ ಮಾರುವ ಮಳಿಗೆಗಳಿಗೆ, ಇಲ್ಲವೇ ವಿದೇಶಗಳಿಗೆ ಹೋಗುತ್ತಾರೆ. ಅವರನ್ನು ದೂಷಿಸಿ ಫಲವಿಲ್ಲ. ಜಿಲ್ಲಾಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಅವರಿಗೆಂದು ಕುರ್ಚಿಯೇ ಇಲ್ಲದಿದ್ದರೆ ಅವರು ಬಂದು ಕೂರುವುದಾದರೂ ಎಲ್ಲಿ?

ಕುರ್ಚಿ ಏಕಿಲ್ಲ ಎಂಬುದಕ್ಕೆ ಉತ್ತರ ನಮ್ಮ ಯೋಜನೆಗಳು ರೂಪುಗೊಂಡ ಬಗೆಯಲ್ಲಿದೆ. ಆಡಳಿತದಲ್ಲಿ ದೀರ್ಘಕಾಲ ಇದ್ದವರಿಗೆ ಇದು ಹೊಸ ಕತೆಯಲ್ಲ. ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ಆರಂಭವಾಯಿತು. ಹೆಸರೇ ಹೇಳುವಂತೆ ಅದರ ಗುರಿ ಕಿವಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂದು ಜಿಲ್ಲಾ ಮಟ್ಟದ ಮಕ್ಕಳ ಕೇಂದ್ರಗಳ ತಂಡದಲ್ಲಿ ವಾಕ್ ಚಿಕಿತ್ಸಕರಿಗೂ ಒಂದು ಸ್ಥಾನ ಕಲ್ಪಿಸಿತು. ಅದರ ಗುರಿ 18 ವರ್ಷದೊಳಗಿನವರು. ಎರಡೂ ಒಳ್ಳೆಯ ಯೋಜನೆಗಳೇ. ಆದರೆ ಅದೇ ಆವರಣದ ಮತ್ತೊಂದು ಕಟ್ಟಡದಲ್ಲಿ ಮೂಗಿಗೆ ಟ್ಯೂಬ್ ಹಾಕಿಸಿಕೊಂಡು ಮಲಗಿರುವ ಅರವತ್ತೈದರ ರೈತ ಈ ಎರಡರಲ್ಲಿ ಯಾವ ಲೆಕ್ಕ ಶೀರ್ಷಿಕೆಗೂ ಸೇರುವುದಿಲ್ಲ. ಮಕ್ಕಳ ಕೇಂದ್ರದ ಚಿಕಿತ್ಸಕಿ ಮನಸ್ಸು ಮಾಡಿ ಆ ವಾರ್ಡಿಗೆ ಹೋದರೆ ಅದು ಆಕೆಯ ಸೌಜನ್ಯ. ಅದು ಕರ್ತವ್ಯವಾಗಿಲ್ಲ, ಮಾಸಿಕ ವರದಿಯ ಯಾವ ಕಾಲಂನಲ್ಲೂ ನಮೂದಾಗುವುದಿಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯಕ್ಕೂ ಸ್ಥಾನ ಸಿಕ್ಕಿದೆ. ಧ್ವನಿಪೆಟ್ಟಿಗೆ ತೆಗೆಸಿಕೊಂಡವರನ್ನೂ, ಮಿದುಳಿನ ಹಾನಿಯಿಂದ ಭಾಷೆ ಕಳೆದುಕೊಂಡವರನ್ನೂ ಕಾಯ್ದೆ ಸ್ಪಷ್ಟವಾಗಿ ಹೆಸರಿಸುತ್ತದೆ. ಇದು ದೊಡ್ಡ ಹೆಜ್ಜೆ. ಆದರೆ ಆ ವ್ಯಾಖ್ಯೆ ಆರಂಭವಾಗುವುದೇ ‘ಶಾಶ್ವತ’ ಎಂಬ ವಿಶೇಷಣದಿಂದ. ವೈಕಲ್ಯ ಶಾಶ್ವತವಾದ ಮೇಲೆ ಪ್ರಮಾಣಪತ್ರ ಕೊಡಲು ಕಾನೂನಿದೆ. ಶಾಶ್ವತವಾಗದಂತೆ ತಡೆಯಬಹುದಾದ ತಿಂಗಳುಗಳಲ್ಲಿ ರೋಗಿಯನ್ನು ನೋಡುವವರಿಲ್ಲ. ನುಂಗುವ ತೊಂದರೆಯಂತೂ ಆ ಪಟ್ಟಿಯಲ್ಲೇ ಇಲ್ಲ.

ವಿಮೆಯ ಕತೆ ಇನ್ನೂ ಸ್ವಾರಸ್ಯಕರ. ಆಯುಷ್ಮಾನ್ ಭಾರತ್ ಯೋಜನೆ 2018ರಲ್ಲಿ ಜಾರಿಗೆ ಬಂದು, ನಮ್ಮಲ್ಲಿ ಆರೋಗ್ಯ ಕರ್ನಾಟಕದೊಡನೆ ಸೇರಿತು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚವನ್ನು ಭರಿಸುವ ಈ ಯೋಜನೆಯಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಹಣ ಕೊಡುವುದು ಪ್ಯಾಕೇಜುಗಳಿಗೆ. ಆಸ್ಪತ್ರೆಯಿಂದ ಹೊರಬಂದ ಮೇಲಿನ ಖರ್ಚನ್ನು ಕೇಂದ್ರದ ಯೋಜನೆ ಲೆಕ್ಕಕ್ಕೆ ಹಿಡಿಯುವುದು 15 ದಿನಗಳವರೆಗೆ. ಹೊರರೋಗಿ ಚಿಕಿತ್ಸೆ ಮೂಲತಃ ಅದರ ವ್ಯಾಪ್ತಿಯಲ್ಲಿಲ್ಲ. ಭಾಷೆ ಮರಳಿಸುವ ಚಿಕಿತ್ಸೆಯಾದರೋ ವಾರಕ್ಕೆ ಹಲವು ಗಂಟೆಗಳಂತೆ ತಿಂಗಳುಗಟ್ಟಲೆ ನಡೆಯುವಂಥದ್ದು. ಪರಿಣಾಮವಾಗಿ, ತುತ್ತು ಶ್ವಾಸನಾಳ ಸೇರಿ ನ್ಯುಮೋನಿಯಾ ಆಗಿ ರೋಗಿ ಮರಳಿ ಬಂದರೆ ಐಸಿಯು ವೆಚ್ಚಕ್ಕೆ ಸರ್ಕಾರದ ಹಣವಿದೆ. ಅದು ಆಗದಂತೆ ನೋಡಿಕೊಳ್ಳುವ ಅರ್ಧ ಗಂಟೆಯ ಪರೀಕ್ಷೆಗೆ, ಹತ್ತು ಹನ್ನೆರಡು ಭೇಟಿಗಳಿಗೆ ಹಣವಿಲ್ಲ. ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಇಂತಹ ಪ್ರೋತ್ಸಾಹಕ ವ್ಯವಸ್ಥೆಯ ದೋಷವನ್ನು ಗುರುತಿಸಬಲ್ಲ. ಮಧ್ಯಮ ವರ್ಗದವರು ಕಂತು ಕಟ್ಟಿ ಕೊಂಡ ಖಾಸಗಿ ವಿಮೆಯ ಷರತ್ತುಗಳೂ ಈ ವಿಷಯದಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಉದಾರವಾಗಿಲ್ಲ.

ಟ್ಯೂಬ್ ಹಾಕುವುದು ಸುಲಭ. ಯಾವಾಗ ತೆಗೆಯಬೇಕು ಎಂದು ಹೇಳುವವರು ಬೇಕು. ರೈಲ್ಸ್ ಟ್ಯೂಬಿನೊಂದಿಗೇ ಮನೆಗೆ ಬಂದ ರೋಗಿ ವಾರಗಟ್ಟಲೆ ಹಾಗೆಯೇ ಉಳಿಯುವುದು, ಕೊನೆಗೆ ಬೇಸತ್ತ ಮನೆಯವರೇ ಅದನ್ನು ಕಿತ್ತು ಊಟ ಶುರು ಮಾಡುವುದು ಅಪರೂಪವಲ್ಲ. ಏನು ಉಣ್ಣಿಸಬೇಕು ಎಂಬ ಪ್ರಶ್ನೆಗೂ ತಜ್ಞರ ಉತ್ತರ ಬೇಕು, ಏಕೆಂದರೆ ಮೃದುವಾದದ್ದೆಲ್ಲ ಸುರಕ್ಷಿತ ಎಂಬ ನಮ್ಮ ನಂಬಿಕೆ ಇಲ್ಲಿ ನಡೆಯದು. ತೆಳುವಾದ ನೀರು ದುರ್ಬಲ ಗಂಟಲಿನಲ್ಲಿ ಎಲ್ಲಕ್ಕಿಂತ ವೇಗವಾಗಿ ಜಾರುತ್ತದೆ. ಸಾರನ್ನದಲ್ಲಿ ಅನ್ನ ಬಾಯಲ್ಲಿ ಉಳಿದು ಸಾರು ಮೊದಲೇ ಗಂಟಲಿಗೆ ಓಡುತ್ತದೆ. ಒಣ ಇಡ್ಲಿ ಪುಡಿಯಾಗಿ ಚೆದುರುತ್ತದೆ. ಮುದ್ದೆಯನ್ನು ನಾವು ಅಗಿಯುವುದೇ ಇಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆರೋಗ್ಯವಂತನಿಗೆ ಹೆಮ್ಮೆಯಾದ ಆ ಕೌಶಲ ಪಾರ್ಶ್ವವಾಯು ರೋಗಿಗೆ ಉಸಿರು ಕಟ್ಟಿಸಬಲ್ಲದು. ಅದೇ ರಾಗಿಯ ಅಂಬಲಿಯನ್ನು ತಕ್ಕ ಹದಕ್ಕೆ ಕಾಯಿಸಿಕೊಟ್ಟರೆ ಕೆಲವರಿಗೆ ನೀರಿಗಿಂತ ಸುರಕ್ಷಿತ. ಎಷ್ಟು ಗಟ್ಟಿ ಎಂಬುದಕ್ಕೆ ಈಗ ಅಂತರರಾಷ್ಟ್ರೀಯ ಅಳತೆಯೊಂದಿದೆ. 0ಯಿಂದ 7ರವರೆಗೆ ಎಂಟು ಮಟ್ಟಗಳು. ಪಾನೀಯದ ಹದವನ್ನು 10 ಮಿಲಿಲೀಟರ್ ಸಿರಿಂಜಿಗೆ ತುಂಬಿಸಿ, 10 ಸೆಕೆಂಡಿನಲ್ಲಿ ಎಷ್ಟು ಹರಿದು ಹೋಗಿ ಎಷ್ಟು ಉಳಿಯಿತೆಂದು ನೋಡಿದರೆ ತಿಳಿಯುತ್ತದೆ. ಸಿರಿಂಜು ಇಲ್ಲದ ಆಸ್ಪತ್ರೆ ಕರ್ನಾಟಕದಲ್ಲಿ ಇರಲಾರದು. ಯಾವ ರೋಗಿಗೆ ಯಾವ ಮಟ್ಟ ಎಂದು ನಿರ್ಧರಿಸುವವರು ಮಾತ್ರ ಇಲ್ಲ. ಒಳಗೇನಾಗುತ್ತಿದೆ ಎಂದು ನೋಡಲು ಬೇಕಾದ ಎಂಡೋಸ್ಕೋಪು ಮತ್ತು ಎಕ್ಸ್‌ರೇ ಉಪಕರಣಗಳು ವೈದ್ಯಕೀಯ ಕಾಲೇಜುಗಳ ಇಎನ್‌ಟಿ ಮತ್ತು ರೇಡಿಯಾಲಜಿ ವಿಭಾಗಗಳಲ್ಲಿ ಸಾಮಾನ್ಯವಾಗಿ ಆಗಲೇ ಇರುವಂಥವು. ಬಂಡವಾಳ ಹೂಡಿ ಆಗಿದೆ, ಅದನ್ನು ದುಡಿಸಿಕೊಳ್ಳುವ ಕೈಗಳಿಗೆ ಸಂಬಳ ಗೊತ್ತಾಗಿಲ್ಲ.

ಮಾತಿನ ನಷ್ಟ ಜೀವ ತೆಗೆಯುವುದಿಲ್ಲವಾದ್ದರಿಂದ ಅದರ ಸರದಿ ಇನ್ನೂ ಹಿಂದೆ. ಮಿದುಳಿನ ಎಡಭಾಗದ ಹಾನಿಗೂ ಮಾತಿಗೂ ಇರುವ ನಂಟನ್ನು ಫ್ರಾನ್ಸಿನ ಪಾಲ್ ಬ್ರೋಕಾ 1861ರಲ್ಲಿ ತೋರಿಸಿಕೊಟ್ಟ. ಅಫೇಸಿಯಾ ಎಂಬ ಈ ಸ್ಥಿತಿಯಲ್ಲಿ ಬುದ್ಧಿ ಬಹುಮಟ್ಟಿಗೆ ಉಳಿದು ಪದಗಳು ಕೈಗೆ ಸಿಗದೆ ಹೋಗುತ್ತವೆ. ನನಗೆ ಪರಿಚಿತರಾದ ನಿವೃತ್ತ ತಹಶೀಲ್ದಾರರೊಬ್ಬರಿಗೆ ಹೀಗಾಯಿತು. ಎರಡರ ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸುತ್ತಿದ್ದರು, ವಾರಗಳ ಹೆಸರು ಸರಾಗವಾಗಿ ಬರುತ್ತಿತ್ತು, ‘ನೀರು’ ಎಂದು ಕೇಳಲು ಮಾತ್ರ ಆಗುತ್ತಿರಲಿಲ್ಲ. ಬಾಯಿಪಾಠವಾದ ಮಾತು ಉಳಿದು ಬೇಕಾದ ಮಾತು ಹೋಗುವುದು ಈ ಕಾಯಿಲೆಯ ಸಾಮಾನ್ಯ ಲಕ್ಷಣ. ಪಿಂಚಣಿ ಖಾತೆಯ ಕೆಲಸಕ್ಕೆ ಬ್ಯಾಂಕೊಂದಕ್ಕೆ ಕರೆದೊಯ್ದಾಗ ಅಲ್ಲಿನ ಅಧಿಕಾರಿ ಅವರ ಎದುರಿಗೇ ಮಗನನ್ನು ‘ಇವರಿಗೆ ತಿಳಿಯುತ್ತದೆಯೇ?’ ಎಂದು ಕೇಳಿದರಂತೆ. ಮೂವತ್ತು ವರ್ಷ ಪಹಣಿ ತಿದ್ದುಪಡಿ, ಜಮೀನು ವ್ಯಾಜ್ಯ ವಿಚಾರಿಸಿದವರಿಗೆ ಆ ಪ್ರಶ್ನೆ ಚೆನ್ನಾಗಿಯೇ ತಿಳಿಯಿತು. ಅಂಗವಿಕಲರಿಗೆ ಇತರರಷ್ಟೇ ಕಾನೂನು ಸಾಮರ್ಥ್ಯವಿದೆ ಎಂದು 2016ರ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಕೌಂಟರಿನಲ್ಲಿ ಕುಳಿತವರಿಗೆ ಅದು ತಲುಪಿಲ್ಲ. ಆ ನಂತರ ವಾಕ್ ಚಿಕಿತ್ಸಕಿಯೊಬ್ಬರು ನಿತ್ಯದ ಅಗತ್ಯಗಳ ಚಿತ್ರಫಲಕವೊಂದನ್ನು ಮಾಡಿಕೊಟ್ಟು, ವಾರಕ್ಕೆ ಮೂರು ದಿನದಂತೆ ಅಭ್ಯಾಸ ಮಾಡಿಸಿದರು. ನಿರರ್ಗಳ ಮಾತು ಮರಳಲಿಲ್ಲ. ಆದರೆ ತಮಗೇನು ಬೇಕು, ಏನು ಬೇಡ ಎಂಬುದನ್ನು ಅವರೇ ಹೇಳತೊಡಗಿದರು, ಮಗ ಪಕ್ಕದಲ್ಲಿ ನಿಲ್ಲುವುದು ಕಡಿಮೆಯಾಯಿತು.

ಆರು ತಿಂಗಳು ಕಳೆದರೆ ಇನ್ನೇನೂ ಮಾಡಲಾಗದು ಎಂಬ ಮಾತನ್ನು ವೈದ್ಯರೂ ಆಡುವುದುಂಟು. ಜರ್ಮನಿಯಲ್ಲಿ 156 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಒಪ್ಪುವುದಿಲ್ಲ. ಪಾರ್ಶ್ವವಾಯುವಾಗಿ ಆರು ತಿಂಗಳು ದಾಟಿದವರಿಗೂ ವಾರಕ್ಕೆ ಹತ್ತು ಗಂಟೆಗೆ ಕಡಿಮೆಯಿಲ್ಲದಂತೆ ಮೂರು ವಾರ ಚಿಕಿತ್ಸೆ ಕೊಟ್ಟಾಗ ನಿತ್ಯ ಬಳಕೆಯ ಮಾತು ಸುಧಾರಿಸಿತು.

ಭಾಷೆಯ ಚಿಕಿತ್ಸೆ ರೋಗಿಯ ಭಾಷೆಯಲ್ಲೇ ನಡೆಯಬೇಕೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಹೆಸರಾಂತ ಬಾಸ್ಟನ್ ನೇಮಿಂಗ್ ಟೆಸ್ಟಿನ ಚಿತ್ರಗಳಲ್ಲಿ ಇಗ್ಲೂ ಇದೆ, ಬೀವರ್ ಎಂಬ ಪ್ರಾಣಿ ಇದೆ. ಹಾವೇರಿಯ ಅಜ್ಜಿ ಅವನ್ನು ಹೆಸರಿಸದಿದ್ದರೆ ತಪ್ಪು ಯಾರದು? ಮೊರ, ಚೊಂಬು, ರೊಟ್ಟಿ ಹಂಚು ಬೇಕು. ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆಯ ಕನ್ನಡ ರೂಪವನ್ನು ಮೈಸೂರಿನ ತಜ್ಞರು ಸಿದ್ಧಪಡಿಸಿ ಬಹಳ ವರ್ಷಗಳಾದವು. ಆದರೆ ಮನೆಯಲ್ಲಿ ತುಳು ಅಥವಾ ಉರ್ದು, ಪೇಟೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುತ್ತಿದ್ದವರಿಗೆ ಯಾವ ಭಾಷೆಯಿಂದ ಆರಂಭಿಸಬೇಕೆಂಬುದು ಇಲ್ಲಿನ ಚಿಕಿತ್ಸಕರು ದಿನವೂ ಎದುರಿಸುವ ಪ್ರಶ್ನೆ. ಹೊರರಾಜ್ಯದಿಂದ ಬಂದು ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಯುವ ಚಿಕಿತ್ಸಕರಿಗೆ ರೋಗಿಯ ಕನ್ನಡ ಬಾರದಿದ್ದರೆ ಅವರ ನೈಪುಣ್ಯದ ಅರ್ಧ ವ್ಯರ್ಥ.

ವೈದ್ಯರ ಹುದ್ದೆಗಳೇ ಖಾಲಿ ಇರುವಾಗ ಇದು ಐಷಾರಾಮವಲ್ಲವೇ, ಮನೆಯವರಿಗೇ ತರಬೇತಿ ಕೊಟ್ಟರೆ ಸಾಲದೇ ಎಂದು ಹಣಕಾಸು ಇಲಾಖೆ ಕೇಳುವುದು ಖಚಿತ. ಕುಟುಂಬದ ಪಾತ್ರ ದೊಡ್ಡದೇ. ಆದರೆ ದೇಶದ 14 ಆಸ್ಪತ್ರೆಗಳಲ್ಲಿ 1,250 ಪಾರ್ಶ್ವವಾಯು ರೋಗಿಗಳನ್ನು ಒಳಗೊಂಡು ನಡೆದ ಅಟೆಂಡ್ ಎಂಬ ಪ್ರಯೋಗ ಇದನ್ನೇ ಪರೀಕ್ಷಿಸಿತ್ತು. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ಪುನಶ್ಚೇತನ ಮಾಡಿಸಿದಾಗ ಆರು ತಿಂಗಳ ಬಳಿಕ ಸಾವು ಅಥವಾ ಪರಾವಲಂಬನೆಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2017ರಲ್ಲಿ ವರದಿಯಾಯಿತು. ಮಗಳು, ಸೊಸೆಯರ ಹೆಗಲಿಗೆ ಇನ್ನೊಂದು ಕೆಲಸ ಏರಿಸಿ ಸರ್ಕಾರ ಕೈ ತೊಳೆದುಕೊಳ್ಳಲು ಈ ಫಲಿತಾಂಶದಲ್ಲಿ ಆಧಾರವಿಲ್ಲ. ವೆಚ್ಚದ ಭಯವೂ ಅತಿಯಾದದ್ದು. ಗಂಟಲು ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ಕಳೆದುಕೊಂಡವರಿಗೆ ಅಳವಡಿಸುವ ವಿದೇಶಿ ಕೃತಕ ಧ್ವನಿ ಸಾಧನದ ಬೆಲೆ ಸಾವಿರಾರು ರೂಪಾಯಿ ಇದ್ದಾಗ, ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಮತ್ತು ಅವರ ಸಂಗಡಿಗರು 50 ರೂಪಾಯಿಯ ಸಾಧನವನ್ನು ರೂಪಿಸಿದರು. ಅದನ್ನು ಬಳಸಿ ಮಾತನಾಡಲು ಕಲಿಸಲು ಮತ್ತೆ ವಾಕ್ ಚಿಕಿತ್ಸಕರೇ ಬೇಕು ಎಂಬುದು ಬೇರೆ ಮಾತು.

ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ವಯಸ್ಕರ ವಾರ್ಡುಗಳಿಗೆಂದೇ ಒಂದು ಕಾಯಂ ಹುದ್ದೆ, ಅದಕ್ಕೆ ವೃಂದ ಮತ್ತು ನೇಮಕಾತಿ ನಿಯಮ, ಬಡ್ತಿಯ ದಾರಿ ಬೇಕು. ಹನ್ನೊಂದು ತಿಂಗಳ ಗುತ್ತಿಗೆಗೆ ಮೈಸೂರಿನ ಪದವೀಧರರು ಬಂದು ನಿಲ್ಲುವುದಿಲ್ಲ. ಪಾರ್ಶ್ವವಾಯು ಮತ್ತು ತಲೆ ಕುತ್ತಿಗೆ ಕ್ಯಾನ್ಸರಿನ ಪ್ಯಾಕೇಜುಗಳಲ್ಲಿ ಮೂರು ತಿಂಗಳ ವಾಕ್ ಚಿಕಿತ್ಸೆಯ ಭೇಟಿಗಳನ್ನು ಸೇರಿಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಪರಿಶೀಲಿಸಬಹುದಾದ ವಿಷಯ. ಈ ಎರಡಕ್ಕೂ ಬಜೆಟ್ಟು, ಕಡತ, ಕಾಲ ಬೇಕಾದೀತು. ಮೂರನೆಯದಕ್ಕೆ ಅದಾವುದೂ ಬೇಡ. ಪಾರ್ಶ್ವವಾಯು ಶಂಕಿತರ ಬಾಯಿಗೆ ನೀರು, ಆಹಾರ, ಮಾತ್ರೆ ಯಾವುದನ್ನೂ ಹಾಕುವ ಮೊದಲು ತರಬೇತಿ ಪಡೆದ ದಾದಿಯೊಬ್ಬರು ಅವರನ್ನು ನೆಟ್ಟಗೆ ಕೂರಿಸಿ, ಚಮಚದಷ್ಟು ನೀರಿನಿಂದ ಆರಂಭಿಸಿ, ಕೆಮ್ಮು ಬಂತೇ, ದನಿಯಲ್ಲಿ ನೀರು ಗುಳುಗುಳಿಸಿತೇ ಎಂದು ನೋಡಬೇಕು; ನೋಡಿದ್ದನ್ನು ಸಮಯ ಸಹಿತ ಕೇಸ್‌ಶೀಟಿನಲ್ಲಿ ಬರೆಯಬೇಕು; ಪರೀಕ್ಷೆಯಲ್ಲಿ ತೇರ್ಗಡೆಯಾಗದವರ ಹಾಸಿಗೆಗೆ ‘ಬಾಯಿಂದ ಏನೂ ಕೊಡಬೇಡಿ’ ಎಂದು ಕನ್ನಡದಲ್ಲಿ ಫಲಕ ತೂಗುಹಾಕಬೇಕು. ಇಷ್ಟಕ್ಕೆ ಆರೋಗ್ಯ ಇಲಾಖೆಯ ಆಯುಕ್ತರ ಒಂದು ಸುತ್ತೋಲೆ ಸಾಕು, ತಾಲ್ಲೂಕು ಆಸ್ಪತ್ರೆಗಳಿಗೂ ಸೇರಿಸಿ.